ದೊರೆಸಾನಿಗೆ ಜೊತೆ ತರುವ ಮೊದಲು

ಗುರುವಾರ ಬೆಳಗ್ಗೆ
ಹಿಂದಿನ ಕೋಣೆಯಿಂದ, ಒಳಗಿನಿಂದ ಚಿಲಕ ಹಾಕಿಕೊಂಡು

ನನ್ನ ಮುದ್ದು ಮಗಳಿಗೆ,

ಅಪ್ಪನ ಆಶೀರ್ವಾದ. ಮನೆಯಲ್ಲಿ ನಾವು ಮೂವರೂ ಇದ್ದೇವೆ. ಅದರಲ್ಲಿ ಒಬ್ಬಳು ಮಾತ್ರ ಪೂರ್ತಿ ಕ್ಷೇಮ, ಅವಳಿಗೆ ನಾಲ್ಕು ಕಾಲು, ಒಂದು ಬಾಲ. ಉಳಿದ ಇಬ್ಬರ ವಿಷಯ ಕೆಳಗೆ ಬರೆಯುತ್ತೇನೆ, ಗಾಬರಿಯಾಗಬೇಡ.

ನಿನ್ನ ಕಾಗದ ಬಂತು. ನಿಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಬೆಕ್ಕು ಮರಿ ಹಾಕಿದ್ದು, ಉಳಿದವಕ್ಕೆಲ್ಲ ಮನೆ ಸಿಕ್ಕಿ ಬೂದು ಬಣ್ಣದ್ದೊಂದೇ ಉಳಿದದ್ದು, ಅದು ನಿನ್ನ ಡ್ಯೂಟಿ ಬೂಟಿನೊಳಗೆ ಮಲಗುವುದು, ಎಲ್ಲ ಓದಿ ಅಮ್ಮನ ಕೈಗೂ ಕೊಟ್ಟೆ. ರಜೆಗೆ ಬರುವಾಗ ಅದನ್ನು ತರಲಾ ಎಂದು ಕೇಳಿದ್ದೀಯ. ಅಮ್ಮನ ಉತ್ತರ ಸಿದ್ಧವಾಗಿದೆ. "ತರಲಿ. ಅದು ಬರೋದ್ರೊಳಗೆ ಈ ಪೀಡೆ ಬೆಕ್ಕನ್ನ ಸಾಗಹಾಕ್ತೀನಿ" ಎಂದಳು. ಬರುವ ಸೋಮವಾರ ಈರುಳ್ಳಿ ಲಾರಿಯ ಡ್ರೈವರು ದೊರೆಸಾನಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೋಗಿ ಹೆದ್ದಾರಿಯಾಚೆಯ ಗೋದಾಮಿನಲ್ಲಿ ಬಿಡುವುದೆಂದು ನಿಶ್ಚಯವಾಗಿದೆ. ಅಲ್ಲಿ ಇಲಿಗಳು ಬೇಕಾದಷ್ಟಿವೆಯಂತೆ. ನಾಯಿಗಳೂ ಬೇಕಾದಷ್ಟಿವೆ, ಅದನ್ನು ಅವಳು ಹೇಳಲಿಲ್ಲ. ನಾನು ಸುಮ್ಮನೆ ತಲೆಯಾಡಿಸಿದೆ.

ನನ್ನ ಉತ್ತರ ಬೇರೆ. ಮರಿಯನ್ನು ಈಗಲೇ ತರಬೇಡ. ದೊರೆಸಾನಿಯನ್ನು ಲಾರಿಗೆ ಹತ್ತಿಸುವುದೂ ನನಗೆ ಬೇಡ. ಯಾಕೆ ಎಂದು ಹೇಳಹೊರಟರೆ ನಿನ್ನ ಅಮ್ಮನ ವಿಷಯ ಹೇಳಬೇಕಾಗುತ್ತದೆ, ಅದಕ್ಕೇ ಈ ಕಾಗದ ಉದ್ದವಾಗುತ್ತದೆ. ಹೊತ್ತು ಮಾಡಿಕೊಂಡು ಓದು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಳಬಹುದಿತ್ತು. ಅವಳ ಎದುರಿಗೇ ಕೂತು ಅವಳ ವಿಷಯವನ್ನೇ ನಿನ್ನ ಹತ್ತಿರ ಮಾತಾಡಬಹುದಿತ್ತು, ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಬೆಕ್ಕಿನ ವಿಷಯ. ನೀನು ಇಲ್ಲಿದ್ದಾಗ ದೊರೆಸಾನಿ ಹೇಗಿದ್ದಳು ನೆನಪಿದೆಯಲ್ಲ? ನಿನ್ನ ಹೊದಿಕೆಯೊಳಗೆ ಸುರುಳಿ ಸುತ್ತಿ ಮಲಗುತ್ತಿದ್ದಳು, ಬಂದವರ ಮಡಿಲಿಗೆಲ್ಲ ಹತ್ತುತ್ತಿದ್ದಳು, ನನ್ನ ಮೇಣದ ತಟ್ಟೆಯ ಪಕ್ಕ ಕೂತು ನಾನು ಕಟ್ಟುಹಲ್ಲು ಜೋಡಿಸುವುದನ್ನು ಪರೀಕ್ಷಕಿಯ ಹಾಗೆ ನೋಡುತ್ತಿದ್ದಳು. ನೀನು ಕೆಲಸಕ್ಕೆ ಹೋದ ಮೇಲೆ ಒಂದಷ್ಟು ಕಾಲ ಚೆನ್ನಾಗಿಯೇ ಇದ್ದಳು. ಆಮೇಲೆ ಒಂದು ಮಧ್ಯಾಹ್ನ, ನಾನು ಊಟದ ಮೇಜಿನ ಹತ್ತಿರ ನಿಂತು ಲೋಟಕ್ಕೆ ನೀರು ಬಗ್ಗಿಸುತ್ತಿದ್ದಾಗ, ಕಾಲ ಬಳಿ ಮಲಗಿದ್ದವಳು ತಟ್ಟನೆ ಎದ್ದು ನನ್ನ ಮೀನಖಂಡಕ್ಕೆ ಬಾಯಿ ಹಾಕಿದಳು. ಹೆದರಿಸುವ ಕಚ್ಚಲ್ಲ. ನಾಲ್ಕೂ ಕೋರೆ ಒಳಗಿಳಿದಿದ್ದವು. ಹಲ್ಲಿನ ಗುರುತು ನೋಡಿ ಹಲ್ಲು ಹೇಳುವುದು ನನ್ನ ಕಸುಬು, ಆದ್ದರಿಂದ ಖಚಿತವಾಗಿ ಬರೆಯುತ್ತಿದ್ದೇನೆ.

ಅಂದಿನಿಂದ ಈ ಮನೆ ಅವಳದು, ನಾವು ಬಾಡಿಗೆದಾರರು. ನಡುಮನೆಯಿಂದ ಹಿಂದಿನ ಕೋಣೆಗೆ ಬರುವ ಓಣಿ ಇದೆಯಲ್ಲ, ಚಪ್ಪಲಿ ಗೂಡು ಇರುವುದು, ಅದರ ಮೇಲೆ ಕೂತಿರುತ್ತಾಳೆ. ಅಡುಗೆಮನೆಗೆ ಹೋಗಬೇಕಾದರೂ, ಬಚ್ಚಲಿಗೆ ಹೋಗಬೇಕಾದರೂ ಅವಳ ಎದುರೇ ಹಾಯಬೇಕು. ನಾನು ಮನೆಯೊಳಗೇ ಮಳೆಗಾಲದ ರಬ್ಬರ್ ಬೂಟು ಹಾಕಿಕೊಂಡು ಓಡಾಡುತ್ತೇನೆ. ಕೈಯಲ್ಲೊಂದು ದೊಡ್ಡ ತಟ್ಟೆ ಇರುತ್ತದೆ, ಗುರಾಣಿಗೆ. ಹಲ್ಲಿನ ಡಾಕ್ಟರು ಅಚ್ಚುಗಳನ್ನು ತೆಗೆದುಕೊಂಡು ಹೋಗಲು ಒಮ್ಮೆ ಮನೆಗೇ ಬಂದವರು ನನ್ನ ವೇಷ ನೋಡಿ, "ಏನ್ರೀ, ಮೀನು ಹಿಡಿಯೋಕೆ ಹೊರಟ್ರಾ?" ಎಂದರು. ಊಟವನ್ನು ಈ ಕೋಣೆಗೇ ತಂದುಕೊಂಡು, ಚಿಲಕ ಹಾಕಿಕೊಂಡು, ಪ್ಲಾಸ್ಟರಿನ ದವಡೆಗಳ ನಡುವೆ ಕೂತು ಉಣ್ಣುತ್ತೇನೆ. ಅವು ಬಾಯಿ ತೆರೆದುಕೊಂಡು ನೋಡುತ್ತಿರುತ್ತವೆ, ನನಗೂ ಅಭ್ಯಾಸವಾಗಿ ಹೋಗಿದೆ.

ಆಶ್ಚರ್ಯ ಏನು ಗೊತ್ತೇ? ಅಮ್ಮನನ್ನು ಅವಳು ಒಂದು ದಿನವೂ ಕಚ್ಚಿಲ್ಲ. ಕಚ್ಚಿಸಿಕೊಂಡವನು ಯಾವಾಗಲೂ ನಾನೇ. ನನಗಿದು ದೊಡ್ಡ ಅವಮಾನ ಎನಿಸಿತ್ತು. ಹಾಲು ಹಾಕುವವನು ನಾನು, ಮಣ್ಣಿನ ತಟ್ಟೆ ಬದಲಿಸುವವನು ನಾನು, ಕಿವಿಯ ಉಣ್ಣೆ ತೆಗೆದವನು ನಾನು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ ತಾನೇ ಅಂದುಕೊಂಡೆ. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಬೆಕ್ಕು ಅವತ್ತೇ ಬೀದಿಗೆ. ಬೂಟು ಯಾಕೆಂದರೆ ನೆಲ ತಣ್ಣಗಿದೆ ಎಂದೆ, ಕೈಮೇಲಿನ ಗಾಯಗಳಿಗೆ ಕಟ್ಟುಹಲ್ಲು ಉಜ್ಜಿ ನಯ ಮಾಡುವ ಯಂತ್ರ ತಗಲಿತು ಎಂದೆ, ಮೇಣ ಕೆತ್ತುವ ಚಾಕು ಜಾರಿತು ಎಂದೆ. "ಇಷ್ಟು ವರ್ಷ ಆದ್ಮೇಲೆ ಕಸುಬು ಮರೆತ್ರಾ?" ಎಂದು ಬೈದು ಅರಿಶಿನ ಹಚ್ಚಿದಳು. ಬೈಗುಳ ತಿಂದದ್ದು ಪರವಾಗಿಲ್ಲ, ಕಸುಬುಗಾರನ ಮಾನ ಹೋದದ್ದಕ್ಕೆ ಸ್ವಲ್ಪ ಬೇಜಾರಾಯಿತು.

ಕೊನೆಗೆ, ಅಮ್ಮ ಹರಾಜು ಕೂಗಲು ಮಾರ್ಕೆಟ್ಟಿಗೆ ಹೋದ ಹೊತ್ತಿನಲ್ಲಿ, ದೊರೆಸಾನಿಯನ್ನು ಹೇಗೋ ಬುಟ್ಟಿಗೆ ತುಂಬಿಕೊಂಡು ಪ್ರಾಣಿ ಡಾಕ್ಟರ ಹತ್ತಿರ ಹೋದೆ. ನಿನ್ನ ವಯಸ್ಸಿನ ಹುಡುಗಿ. ಬೆಕ್ಕಿನ ಬಾಯಿ, ಹೊಟ್ಟೆ, ಕಾಲು ಎಲ್ಲ ನೋಡಿ ರೋಗ ಏನೂ ಇಲ್ಲ ಎಂದಳು. ಆಮೇಲೆ "ಕಚ್ಚೋಕೆ ಮುಂಚೆ ಏನಾಗುತ್ತೆ ಅಪ್ಪಾ?" ಎಂದು ಕೇಳಿದಳು. ಏನೂ ಆಗುವುದಿಲ್ಲ, ಸುಮ್ಮನೆ ಮಲಗಿದ್ದವಳು ಎದ್ದು ಕಚ್ಚುತ್ತಾಳೆ ಎಂದೆ. "ಏನೂ ಆಗದೆ ಬೆಕ್ಕು ಕಚ್ಚಲ್ಲ. ನೀವು ಗಮನಿಸಿಲ್ಲ ಅಷ್ಟೇ" ಎಂದಳು. ಸರಿ, ಗಮನಿಸಲು ಶುರು ಮಾಡಿದೆ.

ಅಮ್ಮ ಬಚ್ಚಲಿನಿಂದ ಟವೆಲು ತರಲು ಕೂಗಿದಳು, ಓಣಿಯಲ್ಲಿದ್ದ ನನಗೆ ಬೂಟಿನ ಮೇಲ್ಗಡೆ ಮೊಣಕಾಲಿಗೆ ಹಲ್ಲು ಬಿತ್ತು. ಅಮ್ಮ ಕಿಟಕಿಯಿಂದ ಹಾಲಿನವನನ್ನು ಕರೆದಳು, ಪೇಪರು ಓದುತ್ತಿದ್ದ ನನ್ನ ಮೊಣಕೈಗೆ ಬಿತ್ತು. ಇದು ಕೋಪದ ದನಿಗೆ ಮಾತ್ರವೇನೋ ಅಂದುಕೊಂಡರೆ, ಒಂದು ಭಾನುವಾರ ಅವಳು ಟಿವಿ ನೋಡುತ್ತಾ ಯಾವುದಕ್ಕೋ ಹೋ ಎಂದು ನಕ್ಕಳು, ಆ ನಗುವಿಗೂ ನನ್ನ ಹೆಬ್ಬೆರಳು ಹೋಯಿತು. ನನ್ನ ಉಜ್ಜುವ ಯಂತ್ರ ಕಿರ್ರ್ ಎಂದು ಗಂಟೆಗಟ್ಟಲೆ ಅರಚಿದರೂ ಅದರ ಕೆಳಗೇ ನಿದ್ದೆ ಹೊಡೆಯುವ ಬೆಕ್ಕು, ನಿನ್ನ ಅಮ್ಮನ ದನಿ ಏರಿದರೆ ಮಾತ್ರ ಹುಲಿಯಾಗುತ್ತಿತ್ತು.

ಡಾಕ್ಟರಿಗೆ ಹೋಗಿ ಹೇಳಿದೆ. ಒಂದೇ ಸಮನಾಗಿರುವ ಸದ್ದಿಗೆ ಬೆಕ್ಕು ಒಗ್ಗಿಕೊಳ್ಳುತ್ತದಂತೆ, ತಟ್ಟನೆ ಎದ್ದ ದನಿಗೆ ಬೆಚ್ಚುತ್ತದಂತೆ. ಕೆಲವು ಬೆಕ್ಕುಗಳಿಗೆ ಅದು ಒಮ್ಮೆ ತಲೆಗೆ ಹತ್ತಿದರೆ ಇಳಿಯುವುದೇ ಇಲ್ಲವಂತೆ. ಹಾಗಾದರೆ ಕೂಗಿದವರನ್ನು ಬಿಟ್ಟು ನನ್ನನ್ನು ಯಾಕೆ ಕಚ್ಚುತ್ತದೆ ಎಂದು ಕೇಳಿದೆ. ಅದಕ್ಕೆ ಆ ಹುಡುಗಿ ಹೇಳಿದ್ದು ಇಷ್ಟು: "ಹೆದರಿದ ಬೆಕ್ಕು ಹೆದರಿಸಿದವರನ್ನ ಹುಡುಕ್ಕೊಂಡು ಹೋಗಲ್ಲ. ಹತ್ತಿರ ಯಾರಿದ್ದಾರೋ ಅವರನ್ನ ಕಚ್ಚುತ್ತೆ." ಹತ್ತಿರ ಇರುವವನು ನಾನು ತಾನೇ. ಮನೆಯಲ್ಲೇ ಕೂತು ಕೆಲಸ ಮಾಡುವವನಿಗೆ ಬೇರೆಲ್ಲಿ ಹೋಗಲು ಜಾಗವಿದೆ?

ನಿನ್ನ ಕಾಗದ ಬಂದ ಮೇಲೆ ಮತ್ತೆ ಹೋಗಿ ಇನ್ನೊಂದು ಬೆಕ್ಕು ತರುವ ವಿಷಯವನ್ನೂ ಅವಳ ಹತ್ತಿರ ಕೇಳಿದೆ. ಅದಕ್ಕೊಂದು ಕ್ರಮವಿದೆ. ಮರಿಯನ್ನು ಬೇರೆ ಕೋಣೆಯಲ್ಲಿ ಇಡಬೇಕು. ಇದು ಮಲಗಿದ ಬಟ್ಟೆಯನ್ನು ಅದಕ್ಕೆ, ಅದು ಮಲಗಿದ್ದನ್ನು ಇದಕ್ಕೆ ಹಾಸಿ ವಾಸನೆ ಪರಿಚಯ ಮಾಡಿಸಬೇಕು. ಮುಚ್ಚಿದ ಬಾಗಿಲಿನ ಆಚೆಗೊಂದು ಈಚೆಗೊಂದು ತಟ್ಟೆ ಇಟ್ಟು ಊಟ ಹಾಕಬೇಕು. ಎರಡೂ ನೆಮ್ಮದಿಯಾಗಿ ಉಂಡರೆ ಬಾಗಿಲನ್ನು ಬೆರಳಷ್ಟು ತೆರೆಯಬೇಕು. ನನ್ನ ಮದುವೆಗೂ ಇಷ್ಟು ನಿಯಮ ಇರಲಿಲ್ಲ. ಆದರೆ ಇದೆಲ್ಲ ಆಮೇಲಿನ ಮಾತು. ಮೊದಲು ಈಗಿರುವುದು ಶಾಂತವಾಗಬೇಕು, ಅದಕ್ಕೆ ಮನೆಯಲ್ಲಿ ಎಲ್ಲರೂ ಮೆಲುದನಿಯಲ್ಲಿ ಮಾತಾಡಬೇಕು, ಇಲ್ಲದಿದ್ದರೆ ಅದರ ಹಲ್ಲು ನನ್ನ ಕೈ ಬಿಟ್ಟು ಮರಿಯ ಕತ್ತಿಗೆ ಹೋಗುತ್ತದೆ ಎಂದಳು. ಹಳೆಯದನ್ನು ಸಾಗಹಾಕಿ ಮರಿಯೊಂದನ್ನೇ ಇಟ್ಟುಕೊಂಡರೆ ಎಂದೂ ಕೇಳಿದೆ. ಮನೆಯ ಗದ್ದಲ ಹೀಗೇ ಇದ್ದರೆ ಅದೂ ಹೀಗೇ ಆಗಬಹುದು ಎಂದಳು.

ಮೆಲುದನಿ. ಕೇಳಲು ಎಷ್ಟು ಸುಲಭ. ಆ ಹುಡುಗಿ ಮೊದಲೂ ಇದನ್ನೇ ಹೇಳಿದ್ದಳು, ಆಗಲೇ ಮನೆಗೆ ಬಂದು ಕರೆಗಂಟೆಯ ತಂತಿ ಕಿತ್ತಿದ್ದೆ. ಪಾತ್ರೆ ಗೂಡಿನಲ್ಲಿ ಬಟ್ಟೆ ಹಾಸಿದೆ. ನಾನಂತೂ ಮೊದಲೇ ಮೆತ್ತಗೆ ಮಾತಾಡುವವನು, ಇನ್ನೂ ತಗ್ಗಿಸಿದೆ. ಆದರೆ ನಾನು ತಗ್ಗಿಸಿದಷ್ಟೂ ಅಮ್ಮ ಏರಿಸಿದಳು. "ಏನಂದ್ರಿ? ಬಾಯಿ ಬಿಟ್ಟು ಮಾತಾಡ್ರೀ! ಬಾಯಲ್ಲೇನು ಪ್ಲಾಸ್ಟರ್ ಹಾಕ್ಕೊಂಡಿದ್ದೀರಾ?" ಎಂದು ಕೂಗುವುದು, ಬೆಕ್ಕು ಹಾರುವುದು, ನಾನು ಕೋಣೆಗೆ ಓಡುವುದು. ಆಗ ನನಗೆ ನಿಧಾನಕ್ಕೆ ಹೊಳೆಯಿತು, ಮಗಳೇ. ಮೊದಲೇ ಹೊಳೆಯಬೇಕಿತ್ತು. ದೀಪದ ಬುಡದಲ್ಲೇ ಕತ್ತಲೆ.

ಈ ಯಂತ್ರದ ಸದ್ದಿಗೆ ಅಮ್ಮ ಎಷ್ಟು ಬೈಯುತ್ತಿದ್ದಳು, ನಿನಗೇ ಗೊತ್ತು. ಮಧ್ಯಾಹ್ನ ಅವಳು ಮಲಗಿದಾಗ ಯಂತ್ರ ಹಾಕಿದರೆ ಚಪ್ಪಲಿ ಬಂದು ಬಾಗಿಲಿಗೆ ಬೀಳುತ್ತಿತ್ತು. ಈಗ ಬೈಯುವುದೇ ಇಲ್ಲ. ಅವಳಿಗೆ ತಾಳ್ಮೆ ಬಂದಿದೆ, ವಯಸ್ಸಾಗುತ್ತಿದೆ ಎಂದು ಒಳಗೊಳಗೇ ಖುಷಿಪಟ್ಟಿದ್ದೆ. ಅದು ತಾಳ್ಮೆಯಾಗಿರಲಿಲ್ಲ. ಒಂದು ದಿನ ಅವಳು ನನಗೆ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಿದ್ದಳು. ಹಿಂದೆ ನಿಂತು ಅವಳನ್ನು ಕರೆದೆ. ಇನ್ನೊಮ್ಮೆ ಕರೆದೆ. ತಿರುಗಲಿಲ್ಲ. ನಾನು ಸುತ್ತು ಹಾಕಿ ಎದುರಿಗೆ ಹೋದಾಗ ಬೆಚ್ಚಿಬಿದ್ದು, "ಕಳ್ಳನ ಹಾಗೆ ಬರ್ತೀರಲ್ಲ" ಎಂದು ಕೂಗಿದಳು. ಅವತ್ತು ಬೆಕ್ಕು ಕಚ್ಚಿದ್ದು ನನಗೆ ಅಷ್ಟೊಂದು ನೋಯಲಿಲ್ಲ.

ನೀನು ಫೋನ್ ಮಾಡಿದಾಗೆಲ್ಲ ಅವಳು "ನಿಮ್ಮಪ್ಪನ ಹತ್ರ ಮಾತಾಡು, ಒಲೆ ಮೇಲೆ ಇಟ್ಟಿದ್ದೀನಿ" ಎಂದು ನನ್ನ ಕೈಗೆ ಕೊಡುತ್ತಾಳಲ್ಲ, ಒಲೆಯ ಮೇಲೆ ಏನೂ ಇರುವುದಿಲ್ಲ. ಅಮ್ಮನಿಗೆ ನನ್ನ ಮೇಲೆ ಕೋಪವಾ ಎಂದು ನೀನು ಹೋದ ಸಲ ಕೇಳಿದ್ದೆಯಲ್ಲ, ಇಲ್ಲ ಕಂದಾ, ಕೋಪವಲ್ಲ.

ಸುಮ್ಮನೆ ಊಹೆ ಮಾಡಬಾರದೆಂದು ಒಂದು ಬೆಳಗ್ಗೆ ಅವಳಿಗೆ ತಿಳಿಯದ ಹಾಗೆ ಮಾರ್ಕೆಟ್ಟಿಗೆ ಹೋಗಿ ಕೋಸಿನ ಮೂಟೆಗಳ ಹಿಂದೆ ನಿಂತೆ. ಅಬ್ಬಾ, ನಿನ್ನ ಅಮ್ಮನನ್ನು ಅಲ್ಲಿ ನೋಡಬೇಕು. ಹರಾಜು ಕಟ್ಟೆಯ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು ಒಂದು ಸಲ ದನಿ ತೆಗೆದರೆ ಆ ತಗಡಿನ ಚಾವಣಿಯೇ ನಡುಗುತ್ತದೆ. ಮೈಕು ಬೇಡ, ಏನೂ ಬೇಡ. ಆದರೆ ಹೊಸದೊಂದು ಪದ್ಧತಿ ಕಂಡಿತು. ಮೊದಲೆಲ್ಲ ಕೊಳ್ಳುವವರು ಬಾಯಲ್ಲಿ ದರ ಕೂಗುತ್ತಿದ್ದರು. ಈಗ ಎಲ್ಲರೂ ಅವಳ ಎದುರಿಗೇ ನಿಂತು ಬೆರಳು ತೋರಿಸುತ್ತಾರೆ. ತೂಕದವನನ್ನು ಕೇಳಿದೆ. "ಅಕ್ಕನೇ ಮಾಡಿದ್ದು ಈ ರೂಲು. ಬಾಯಿ ಮುಚ್ಕೊಳಿ, ಬೆರಳೆತ್ತಿ ಅಂದ್ರು. ಗಲಾಟೆ ಎಷ್ಟೋ ಕಮ್ಮಿ ಆಯ್ತು" ಎಂದು ಹೊಗಳಿದ. ಹೊಗಳಿ, ತಕ್ಕಡಿಯ ಮೇಲಿನ ಸಿಪ್ಪೆ ಒರೆಸುತ್ತಾ, "ನೀವು ಮನೆಯವರು, ನಿಮಗೆ ಗೊತ್ತೇ ಇರುತ್ತೆ" ಎಂದ.

ಅವನೇ ಹೇಳಿದ್ದು. ಈಚೆಗೆ ಒಬ್ಬ ಹೋಟೆಲಿನವನು ಹಿಂದಿನಿಂದ ಬಂದು, ರೂಲು ತಿಳಿಯದೆ, ಒಂದು ಲಾರಿ ಈರುಳ್ಳಿಗೆ ಬಾಯಲ್ಲೇ ದರ ಕೂಗಿದನಂತೆ. ಅವಳಿಗೆ ಕೇಳಲಿಲ್ಲ. ಎದುರಿಗಿದ್ದವನ ಬೆರಳು ನೋಡಿ ಕಮ್ಮಿ ದರಕ್ಕೆ ಮುಗಿಸಿಬಿಟ್ಟಳು. ಬೆಳೆದು ತಂದವರು ಜಗಳಕ್ಕೆ ಬಂದರು. ಮಂಡಿಯ ಮಾಲೀಕರು ಹೇಗೋ ಸಮಾಧಾನ ಮಾಡಿದರಂತೆ, ಆದರೆ ಅವರ ಮಗ ಅಂದಿನಿಂದ ಕಟ್ಟೆಯ ಪಕ್ಕ ನಿಂತು ಅವಳನ್ನೇ ನೋಡುತ್ತಿರುತ್ತಾನಂತೆ. ಇನ್ನೊಂದು ಸಲ ಹೀಗಾದರೆ ಕಟ್ಟೆಯಿಂದ ಇಳಿಸುವುದೇ ಸೈ. ಕಿವಿ ಕೇಳದ ಹರಾಜಿನವಳು, ಕೈ ನಡುಗುವ ಕ್ಷೌರಿಕ, ಇವರಿಬ್ಬರನ್ನು ಯಾರು ಇಟ್ಟುಕೊಳ್ಳುತ್ತಾರೆ? ಆ ಕಟ್ಟೆ ಇಲ್ಲದೆ ನಿನ್ನ ಅಮ್ಮನನ್ನು ಊಹಿಸಿಕೊಳ್ಳಲು ನನಗೆ ಆಗುವುದಿಲ್ಲ. ಅವಳಿಗೂ ಆಗುವುದಿಲ್ಲ.

ಈಗ ನನ್ನ ಪಾಡು ನೋಡು. ಅತ್ತ ದರಿ, ಇತ್ತ ಪುಲಿ. ನಿನಗೆ ಕಿವಿ ಮಂದವಾಗಿದೆ, ಮೆಲ್ಲಗೆ ಮಾತಾಡು ಎಂದು ಅವಳಿಗೆ ಹೇಳಬೇಕು. ಮೆಲ್ಲಗೆ ಹೇಳಿದರೆ ಅವಳಿಗೆ ಕೇಳುವುದಿಲ್ಲ. ಜೋರಾಗಿ ಹೇಳಿದರೆ ಬೆಕ್ಕು ಎದ್ದು ಬರುತ್ತದೆ, ಮತ್ತೆ ಆಗ ಹತ್ತಿರ ಇರುವವಳು ಅವಳು. ಸಾಲದ್ದಕ್ಕೆ ನಮ್ಮ ಪಕ್ಕದ ಮನೆಯ ಗೋಡೆ ಎಷ್ಟು ತೆಳು ಎಂದು ನಿನಗೆ ಗೊತ್ತು. ಆ ಮನೆಯವನೇ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣು ಇಳಿಸುವವನು. ಒಂದು ಗುಟ್ಟನ್ನು ಕೂಗಿ ಹೇಳುವುದು ಹೇಗೆ?

ಚೀಟಿ ಬರೆದು ಕೈಗೆ ಕೊಡಿ ಎನ್ನುತ್ತೀಯ. ಬರೆದೆ. ಎಷ್ಟು ಬರೆದೆ, ಎಷ್ಟು ಹರಿದೆ. ಅವಳ ಎದುರಿಗೆ ನಿಂತು ಚೀಟಿ ಕೊಟ್ಟರೆ, ಅವಳು ಅದನ್ನು ಓದಿ ತಲೆಯೆತ್ತಿ ನನ್ನನ್ನು ನೋಡುವ ಆ ಒಂದು ನೋಟಕ್ಕೆ ನನಗೆ ಧೈರ್ಯವಿಲ್ಲ. ಊರಿಗೆಲ್ಲ ಹಲ್ಲು ಕಟ್ಟುತ್ತೇನೆ, ಹೆಂಡತಿಯ ಎದುರು ಬಾಯೇ ಬರುವುದಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆಯನ್ನು ಚಿಕ್ಕಂದಿನಲ್ಲಿ ನಿನಗೆ ಹೇಳಿಕೊಟ್ಟವನು ನಾನೇ. ಆಗ ನಗುತ್ತಾ ಹೇಳಿದ್ದೆ.

ಹಾಗಾಗಿ ಈ ಕೋಣೆಯಲ್ಲೇ ಇರುತ್ತೇನೆ. ಅವಳು ಮನೆಗೆ ಬರುವ ಸದ್ದಾದರೆ ಚಿಲಕ ಹಾಕಿಕೊಳ್ಳುತ್ತೇನೆ. ಬೆಕ್ಕಿನ ಹೆದರಿಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಎಷ್ಟೋ ದಿನ ಬೆಕ್ಕು ಓಣಿಯಲ್ಲಿ ಇರುವುದೂ ಇಲ್ಲ. ಅವಳು ಏನಾದರೂ ಕೇಳುತ್ತಾಳೆ, ನಾನು ಉತ್ತರಿಸುತ್ತೇನೆ, ಅದು ಅವಳಿಗೆ ಮುಟ್ಟುವುದಿಲ್ಲ, ಅವಳ ಮುಖ ಚಿಕ್ಕದಾಗುತ್ತದೆ. ಅದನ್ನು ನೋಡುವ ಬದಲು ದವಡೆಗಳ ನಡುವೆ ಕೂತಿರುವುದೇ ಮೇಲು ಎನಿಸುತ್ತದೆ. ಒಂದೇ ಸೂರಿನಡಿ ಇದ್ದುಕೊಂಡು ನಿನ್ನ ಅಮ್ಮನ ನೆನಪಾಗುತ್ತದೆ ನನಗೆ. ಇದನ್ನು ಯಾರಿಗೆ ಹೇಳಲಿ, ನಗುತ್ತಾರೆ.

ಹೋದ ವಾರ ಅವಳಿಗೆ ಚಹಾ ಕೊಡಲು ಹೊರಗೆ ಬಂದಿದ್ದೆ. ಅವಳು ಏನೋ ಕೂಗಿದಳು, ದೊರೆಸಾನಿ ಅವಳ ಕಣ್ಣೆದುರಿಗೇ ನನ್ನ ಮುಂಗೈಗೆ ಜೋತುಬಿದ್ದಳು. ಅಮ್ಮ ಕಿರುಚಿದಳು. ಕಿರುಚಿದ್ದಕ್ಕೆ ಅದು ಮತ್ತೊಮ್ಮೆ ಕಚ್ಚಿತು. ಮತ್ತೊಮ್ಮೆ ಕಚ್ಚಿದ್ದಕ್ಕೆ ಅಮ್ಮ ಇನ್ನೂ ಜೋರಾಗಿ ಕಿರುಚಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರೆ, ಇಲ್ಲಿ ಮೂವರಿಗೂ ಪ್ರಾಣಸಂಕಟವೇ. ಕೊನೆಗೆ ಚಹಾವೆಲ್ಲ ಚೆಲ್ಲಿ, ಬೆಕ್ಕು ಓಡಿಹೋಗಿ, ಅಮ್ಮ ನೆಲದ ಮೇಲೆ ಕೂತು ನನ್ನ ಕೈಗೆ ಬಟ್ಟೆ ಸುತ್ತಿದಳು. ಆಗಲೇ ಲಾರಿಯ ತೀರ್ಮಾನವಾದದ್ದು. ಹಳೆಯ ಗಾಯಗಳೂ ಬೆಕ್ಕಿನವೇ ಎಂಬುದು ಅವಳಿಗೆ ಇನ್ನೂ ತಿಳಿಯದು. ಹೊಡೆಯುವುದಾದರೆ ನನ್ನನ್ನು ಹೊಡೆಯಬೇಕು, ಬೆಕ್ಕಿನದೇನು ತಪ್ಪು? ಅದು ಹೆದರಿದೆ. ಹೆದರಿದ ಪ್ರಾಣಿಯನ್ನು ನಾಯಿಗಳ ನಡುವೆ ಬಿಡಲು ತಲೆಯಾಡಿಸಿದವನು ನಾನು.

ಆದ್ದರಿಂದ ನಿನ್ನನ್ನು ಕೇಳುವುದು ಇಷ್ಟೇ. ಬೂದು ಮರಿಯನ್ನು ಸ್ವಲ್ಪ ಕಾಲ ನಿನ್ನ ಹತ್ತಿರವೇ ಇಟ್ಟುಕೋ. ಸಾಧ್ಯವಾದರೆ ಸೋಮವಾರದ ಒಳಗೆ ಒಂದು ದಿನದ ಮಟ್ಟಿಗೆ ಬಾ. ನೀನು ದಿನವೂ ರೋಗಿಗಳಿಗೆ ಇಂಥದ್ದನ್ನು ಹೇಳಿ ರೂಢಿಯಾದವಳು, ಅಮ್ಮನಿಗೂ ನೀನೇ ಹೇಳು. ನಿನ್ನ ಮಾತಾದರೆ ಕೇಳುತ್ತಾಳೆ. ನಾನು ಹೇಡಿ ಎಂದು ಬೈದುಕೋ, ಪರವಾಗಿಲ್ಲ. ಆದರೆ ನಾನು ಹೀಗೆ ಬರೆದದ್ದು ಮಾತ್ರ ಅವಳಿಗೆ ಗೊತ್ತಾಗುವುದು ಬೇಡ.

ಈಗ ಎದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋಗಬೇಕು. ಒಬ್ಬ ಅಜ್ಜನಿಗೆ ಮೇಲಿನ ಸಾಲು ಸಿದ್ಧವಾಗಿದೆ, ಸೇಬು ಕಚ್ಚುವ ಆಸೆಯಂತೆ ಅವರಿಗೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೈಟ್ ಡ್ಯೂಟಿ ಮುಗಿಸಿ ಬಂದ ಮೇಲೆ ಫೋನು ನೋಡುತ್ತಾ ಕೂರಬೇಡ, ಮಲಗು.

ಇತಿ,
ಬಾಯಿಲ್ಲದ ನಿನ್ನ ಅಪ್ಪ

ಮರೆತ ಮಾತು:

ಇದು ಅಮ್ಮ ಬರೆಯುತ್ತಿರುವುದು. ನಿಮ್ಮಪ್ಪ ಈ ಕಾಗದವನ್ನು ಮುಗಿಸಿ, ಲಕೋಟೆಗೆ ಹಾಕದೆ, ಊಟದ ಮೇಜಿನ ಮೇಲೆ ನನ್ನ ಕನ್ನಡಕದ ಕೆಳಗೆ ಇಟ್ಟು ಹೋಗಿದ್ದಾರೆ. ಗೊತ್ತಾಗುವುದು ಬೇಡವಂತೆ. ಮಾರ್ಕೆಟ್ಟಿನಿಂದ ಬಂದವಳು ಮೊದಲು ಕನ್ನಡಕ ಹುಡುಕುತ್ತೇನೆ ಎಂಬುದು ಈ ಮನುಷ್ಯನಿಗೆ ತಿಳಿಯದೇ? ಎರಡು ಸಲ ಓದಿದೆ.

ಕಿವಿಯ ವಿಷಯ ನನಗೆ ಅವರಿಗಿಂತ ಮೊದಲೇ ಗೊತ್ತು. ಬೆರಳಿನ ರೂಲನ್ನು ಸುಮ್ಮನೆ ತಂದೆನೇ? ಆದರೆ ಆ ಗಾಯಗಳೆಲ್ಲ ನನ್ನ ದನಿಯಿಂದ ಆದವು ಎಂದು ಗೊತ್ತಿರಲಿಲ್ಲ. ಯಂತ್ರ ಎಂದರು, ನಂಬಿದೆ. ಅರಿಶಿನ ಹಚ್ಚುತ್ತಾ ಅವರನ್ನೇ ಬೈದೆ.

ನಿನಗೆ ಮಾತ್ರ ಒಂದು ಹೇಳುತ್ತೇನೆ. ಮೊದಲು ನನಗೆ ಕೇಳಿಸದೆ ಹೋದದ್ದು ನಿಮ್ಮಪ್ಪನ ದನಿ. ಮಾರ್ಕೆಟ್ಟಿನ ಲಾರಿ ಕೇಳುತ್ತಿತ್ತು, ಟಿವಿ ಕೇಳುತ್ತಿತ್ತು, ನೀನು ಫೋನಿನಲ್ಲಿ ಅಮ್ಮಾ ಅನ್ನುವುದು ಅಷ್ಟಿಷ್ಟು ಕೇಳುತ್ತಿತ್ತು. ಅವರದು ಮೊದಲೇ ಸಣ್ಣ ದನಿ. ಬಾಯಿ ಆಡುವುದು ಕಾಣುತ್ತಿತ್ತು, ಅಷ್ಟೇ. ಆಮೇಲೆ ಬಾಯಿ ಆಡುವುದೂ ಕಮ್ಮಿಯಾಯಿತು, ಊಟವನ್ನೂ ಹಿಂದಿನ ಕೋಣೆಗೆ ಒಯ್ದರು, ಚಿಲಕ ಬಿತ್ತು. ಇದರಲ್ಲಿ ನನ್ನ ಕಿವಿಯದೆಷ್ಟು, ಅವರ ಮನಸ್ಸಿನದೆಷ್ಟು ಎಂದು ನನಗೆ ತಿಳಿಯಲಿಲ್ಲ. ನನ್ನ ಹತ್ತಿರ ಮಾತೇ ಬೇಡವಾಗಿದೆ ಇವರಿಗೆ ಅಂದುಕೊಂಡೆ. ಅದಕ್ಕೇ ಕೂಗುತ್ತಿದ್ದೆ, ಮಗಳೇ. ಬೇಕಂತಲೇ ಕೂಗುತ್ತಿದ್ದೆ. ರೇಗಿಸಿದರೆ ಒಂದು ಸಲವಾದರೂ ತಿರುಗಿ ಕೂಗಿಯಾರು, ಆಗ ಕೇಳಿಸೀತು ಎಂದು. ಅವರು ನೋಡಿದರೆ ಬೆಕ್ಕಿಗಾಗಿ ಇನ್ನೂ ತಗ್ಗಿಸಿದರಂತೆ.

ಲಾರಿ ಬೇಡ ಎಂದು ಡ್ರೈವರಿಗೆ ಹೇಳುತ್ತೇನೆ. ಮರಿಯನ್ನು ನೀನು ಹಿಡಿದಿಟ್ಟುಕೋ, ಯಾರಿಗೂ ಕೊಡಬೇಡ. ದೊರೆಸಾನಿಯನ್ನು ನಿನ್ನ ಕೋಣೆಯಲ್ಲಿ ಹಾಕಿ, ಕಿಟಕಿ ಬಾಗಿಲು ಎಲ್ಲ ಮುಚ್ಚಿ, ನಮ್ಮ ದನಿ ಅವಳಿಗೆ ಕೇಳದ ಹಾಗೆ ಸಂದಿಗೆ ಹಳೆಯ ಕಂಬಳಿ ತುರುಕಿದ್ದೇನೆ. ಪಕ್ಕದ ಮನೆಯವನು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ನಿಮ್ಮಪ್ಪ ಬಂದ ಕೂಡಲೇ ಎದುರಿಗೆ ಕೂರಿಸಿಕೊಂಡು, ರೀ, ಈಗ ಎಷ್ಟು ಬೇಕಾದರೂ ಜೋರಾಗಿ ಮಾತಾಡಿ, ಏನಾದರೂ ಮಾತಾಡಿ ಎನ್ನುತ್ತೇನೆ. ಕ್ಷಮಿಸಿ ಎಂದು ನಾನು ಹೇಳುವುದು, ಕಿವಿಯ ಡಾಕ್ಟರ ಹತ್ತಿರ ಹೋಗುವುದು ಎಲ್ಲ ಆಮೇಲೆ.

ನಿನ್ನ ಅಮ್ಮ